ಸಿಪ್ಪೆಹೊಂಡದ ನನ್ನ ಉಸಿರು

ನಾನು ಒಂದು ಸೂಕ್ಷ್ಮಜೀವಿ. ನನಗೆ ಅಪ್ಪ ಅಮ್ಮ ಇಲ್ಲ. ಒಂದು ಜೀವ ಸೀಳಿ ಎರಡಾದಾಗ ಅದರಲ್ಲೊಂದು ನಾನಾದೆ. ಹೊಳೆ ಕಡಲು ಸೇರುವ ಅಳಿವೆಯ ಕೆಸರು ನನ್ನ ತೊಟ್ಟಿಲು. ಗಾಳಿ ನನಗೆ ಆಗಿಬರುವುದಿಲ್ಲ. ನೀವು ಗಾಳಿಯನ್ನು ಉಸಿರಾಡುವಂತೆ ನಾನು ಉಪ್ಪುನೀರಿನಲ್ಲಿ ಕರಗಿರುವ ಸಲ್ಫೇಟನ್ನು ಉಸಿರಾಡುತ್ತೇನೆ. ನಾನು ಹೊರಬಿಡುವುದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ನಾತ ಅದಕ್ಕೆ.

ಕಡಲುಬ್ಬರದ ಹೊತ್ತು, ಒಂದು ಭರತದ ನೀರು ನನ್ನನ್ನು ಹೊನ್ನಮ್ಮನ ಸಿಪ್ಪೆಹೊಂಡಕ್ಕೆ ತಂದುಹಾಕಿತು. ಅಲ್ಲಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ, ಮೆತ್ತಗಾದ ಮೇಲೆ ಬಡಿದು ನಾರು ತೆಗೆಯುತ್ತಿದ್ದರು. ಸಿಪ್ಪೆ ಬಿಟ್ಟ ರಸವೇ ನಮ್ಮ ಊಟ. ಉಂಡು ಉಂಡು ಕೋಟಿಗಟ್ಟಲೆಯಾದೆವು. ನಮ್ಮ ಉಸಿರು ಗುಳ್ಳೆಯಾಗಿ ಎದ್ದು ದಂಡೆಯ ಚಪ್ಪರಕ್ಕೂ ಅಲ್ಲೇ ಇದ್ದ ಹೊನ್ನಮ್ಮನ ಮನೆಗೂ ನುಗ್ಗುತ್ತಿತ್ತು. ಅದು ಹೋದಲ್ಲೆಲ್ಲ ನಾನೂ ಹೋದಂತೆಯೇ. ಹಾಗಾಗಿ ಆ ಮನೆಯ ಸಂಗತಿಯೆಲ್ಲ ನನಗೆ ಗೊತ್ತು.

ಹೊನ್ನಮ್ಮನ ಸೊಸೆ ಗಣಪಿ ಬಾಣಂತನ ಮುಗಿಯುತ್ತಲೇ ಹೊಂಡಕ್ಕೆ ಇಳಿದಳು. ಗಂಡ ಮೀನಿನ ಬೋಟಿನಲ್ಲಿ ದೂರ ಹೋಗಿದ್ದ. ಮಗುವನ್ನು ಚಪ್ಪರದ ಜೋಲಿಯಲ್ಲಿ ಮಲಗಿಸಿ, ಪಕ್ಕದ ಮನೆಯ ಬೀರಮ್ಮನ ಜೊತೆ ಸಿಪ್ಪೆ ಬಡಿಯುತ್ತಿದ್ದಳು.

“ಈ ನಾತಕ್ಕೆ ಮಗು ಮಲಗ್ತದ್ಯೇ ಬೀರಕ್ಕ?”

“ಅಭ್ಯಾಸ ಆಗ್ತದೆ ಮಾರಾಯ್ತಿ. ನನ್ನ ಮೂಗು ಸತ್ತು ಯಾವ ಕಾಲ ಆಯ್ತು! ಈಗ ಗಂಡನೇ ಮೂಗು ಮುಚ್ಕಂಡಿ ಮಲಗೂದು.”

ಗಣಪಿ ನಕ್ಕಳು. ಅವಳು ನಕ್ಕದ್ದನ್ನು ನಾನು ಕೇಳಿದ್ದು ಆಗ ಮಾತ್ರ.

ಮಗುವಿನ ಕಾಲಲ್ಲಿ ತವರಿನವರು ಇಟ್ಟ ಬೆಳ್ಳಿಯ ಕಡಗಗಳಿದ್ದವು. ನನ್ನ ಉಸಿರು ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಕಡಗಗಳೂ ಕಪ್ಪಾದವು. ಹೊನ್ನಮ್ಮ ಕಂಡಳು.

“ಬೆಳ್ಳಿ ಕಪ್ಪಾಯ್ತು ಅಂದ್ರೆ ಮೈಯಲ್ಲಿ ನಂಜದೆ ಅಂತ್ಲೇ. ನಿನ್ನ ಹಾಲೇ ನಂಜು. ಇನ್ನು ಮಗೀಗೆ ಕುಡ್ಸೂಕೆ ಕೊಡೂದಿಲ್ಲ.”

“ಅತ್ತೇ, ನಿಮ್ಮ ಕಾಲಿಗೆ ಬೀಳ್ತೆ. ಹೊಂಡದ ನಾತಕ್ಕೆ ಹಂಗಾಗಿರೂಕೆ ಸಾಕು.”

“ಹೌದೇ? ಹಂಗಾದ್ರೆ ನನ್ನ ಮೂಗುತಿ ಎಂತಕ್ಕೆ ಕಪ್ಪಾಗ್ಲಿಲ್ಲ?”

ಅವಳ ಮೂಗುತಿ ಚಿನ್ನದ್ದು. ಚಿನ್ನಕ್ಕೆ ನನ್ನ ಉಸಿರು ಏನೂ ಮಾಡದು. ಅದನ್ನು ಹೇಳಲು ನನಗೆ ಬಾಯಿಲ್ಲ, ಗಣಪಿಗೆ ತಿಳಿಯದು.

ಮಗುವಿನ ತೊಟ್ಟಿಲು ಅಜ್ಜಿಯ ಕೋಣೆ ಸೇರಿತು. ನೀರು ಬೆರೆಸಿದ ಆಡಿನ ಹಾಲನ್ನು ಬಟ್ಟೆಯಲ್ಲಿ ಅದ್ದಿ ಬಾಯಿಗೆ ಹಿಂಡುತ್ತಿದ್ದರು. ಮಗು ಅತ್ತಾಗಲೆಲ್ಲ ಗಣಪಿಯ ರವಿಕೆ ಒದ್ದೆಯಾಗುತ್ತಿತ್ತು. ಎದೆ ಕಲ್ಲಾಗಿ, ನೋವು ತಡೆಯಲಾರದೆ, ದಂಡೆಯಲ್ಲಿ ಕೂತು ಹಾಲನ್ನು ಹೊಂಡಕ್ಕೆ ಹಿಂಡಿದಳು. ಅದು ಇಳಿದಿಳಿದು ನಮ್ಮವರೆಗೂ ಬಂತು. ನಾವು ಉಂಡೆವು. ಅದರಲ್ಲಿ ಯಾವ ನಂಜೂ ಇರಲಿಲ್ಲ.

ಹೊನ್ನಮ್ಮ ಕಡಗಗಳನ್ನು ಒಲೆಯ ಬೂದಿಯಲ್ಲಿ ತಿಕ್ಕಿ, ಥಳಥಳ ಮಾಡಿ ಮಗುವಿನ ಕಾಲಿಗೆ ಹಾಕಿದ್ದಳು. ನನ್ನ ಉಸಿರಿಗೆ ಅವಳ ಕೋಣೆಯ ಬಾಗಿಲು ಅಡ್ಡವೇ? ತಾಯಿಯ ಹಾಲಿನ ಹನಿಯೂ ಬೀಳದ ಆ ತೊಟ್ಟಿಲಲ್ಲಿ ಕಡಗಗಳು ಮತ್ತೆ ಕಪ್ಪಾದವು.

ಹೊನ್ನಮ್ಮ ಅದನ್ನು ಕಂಡು ಕಡಗಗಳನ್ನು ಬಿಚ್ಚಿಕೊಂಡಳು. ಆಮೇಲೆ ಬಾಗಿಲು ಹಾಕಿ, ಮತ್ತೆ ಬೂದಿಯಿಂದ ತಿಕ್ಕಿದಳು. ಅಂದಿನಿಂದ ಬೆಳಗಾದರೆ ಅದೇ ಕೆಲಸ. ತಿಕ್ಕಿ ಮುಗಿಸಿ ಮಗುವನ್ನು ಜಗಲಿಗೆ ತಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

“ನೋಡ್ರೇ, ಅವಳ ಹಾಲು ಬಿಡ್ಸಿದ್ಮೇಲೆ ಬೆಳ್ಳಿ ಹೆಂಗೆ ಬೆಳ್ಳಗಾಯ್ತು!”

ಗಣಪಿ ನೋಡಿದಳು. ನೋಡಿ ತಾನೂ ನಂಬಿದಳು. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಳು.

ಮಗು ಸೊರಗಿತು. ಭೇದಿ ನಿಲ್ಲಲಿಲ್ಲ. ಕಡಗಗಳು ಸಡಿಲಾಗಿ ಪಾದದಿಂದ ಜಾರತೊಡಗಿದಾಗ ಹೊನ್ನಮ್ಮ ಹೆದರಿದಳು. ಮಗುವನ್ನು ತಂದು ಸೊಸೆಯ ಮಡಿಲಿಗೆ ಹಾಕಿ, “ಕುಡ್ಸು” ಎಂದಳು.

ಗಣಪಿ ಎದೆಯ ಕಟ್ಟು ಬಿಚ್ಚಿದಳು. ಮಗು ಬಾಯಿ ಹಾಕಿತು, ಎಳೆಯಿತು, ಬಿಟ್ಟಿತು. ಮತ್ತೆ ಎಳೆಯಲು ಅದಕ್ಕೆ ತ್ರಾಣವಿರಲಿಲ್ಲ. ಎದೆ ಬತ್ತಿತ್ತು.

“ಹಾಲೂ ಇಲ್ಲ ಇವಳ ಹತ್ರ!” ಹೊನ್ನಮ್ಮ ಜಗಲಿಯವರಿಗೆ ಕೇಳುವಂತೆ ಹೇಳಿದಳು. “ತಾಯಿಯಂತೆ, ತಾಯಿ!”

ಮಗು ಆ ಮಳೆಗಾಲ ದಾಟಲಿಲ್ಲ.

ಈಗ ಹೊಂಡಕ್ಕೆ ಮಣ್ಣು ತುಂಬಿದ್ದಾರೆ. ಭರತದ ನೀರು ಬರುವುದಿಲ್ಲ, ಉಸಿರಾಡಲು ಸಲ್ಫೇಟೂ ಮುಗಿಯುತ್ತ ಬಂದಿದೆ. ಕತ್ತಲಲ್ಲಿ ಸುಮ್ಮನಿದ್ದೇನೆ. ಕಡಗ ಕಪ್ಪಾದದ್ದು ನನ್ನಿಂದ, ಅದನ್ನು ಒಪ್ಪುತ್ತೇನೆ. ಉಸಿರಾಡುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ದಿನಾ ಅದನ್ನು ಬೆಳ್ಳಗೆ ಮಾಡಿದವಳಿಗೆ ಮಾತ್ರ ಹಾಲಿನಲ್ಲಿ ನಂಜಿಲ್ಲವೆಂದು ಗೊತ್ತಿತ್ತು.