ಹಾಕದ ಚಿಲಕ

ಸೌಟು ಮತ್ತೆ ತಟ್ಟೆಯ ಮೇಲೆ ಬಗ್ಗಿತು, ಬೇಡ ಅನ್ನುವಷ್ಟರಲ್ಲಿ ಬಿದ್ದೇಬಿಟ್ಟಿತು — ತಿನ್ನಿ ಅಕ್ಕ, ಬೆಳಗ್ಗಿಂದ ಎಷ್ಟು ದುಡಿದಿದೀರಿ, ಅಂದಳು ತೋಟದ ಮನೆಯೊಡತಿ, ಹೌದು ಮತ್ತೆ, ದಿನಕ್ಕೆ ಐದು ಗಂಟೆ ದುಡಿಮೆ, ಎರಡು ಹೊತ್ತು ಊಟ, ಹುಲ್ಲಿನ ಮನೆಯ ಪಕ್ಕ ಒಂದು ಕೋಣೆ, ಅಷ್ಟೇ ಮಾತು, ಲೈಬ್ರರಿಯ ಧೂಳಿನಲ್ಲಿ ಇಪ್ಪತ್ತಾರು ವರ್ಷ ಕೂತವಳು ಒಂದು ತಿಂಗಳು ರಜೆ ಹಾಕಿ ಬಂದದ್ದು ಅದಕ್ಕೇ, ಕೈಯಾರೆ ಯಾರ ಉಪಯೋಗಕ್ಕಾದರೂ ಬರೋಣ ಅಂತ, ಬಂದಳಲ್ಲ, ಚೆನ್ನಾಗಿಯೇ ಬಂದಳು, ಮೊನ್ನೆ ಎರಡು ಕೈಯಲ್ಲೂ ಬಕೆಟ್ಟು, ಮೇಕೆ ದೊಡ್ಡಿಯ ಬಾಗಿಲನ್ನು ಕಾಲಿನಿಂದ ತಳ್ಳಿ ಮುಚ್ಚಿದಳು, ಆಮೇಲೆ ಬಂದು ಚಿಲಕ ಹಾಕಿದರಾಯಿತು ಅಂದುಕೊಂಡಳು, ಬಕೆಟ್ಟು ಇಳಿಸುವಾಗ ಅಂಗೈಯ ಗುಳ್ಳೆ ಒಡೆಯಿತು, ಅದನ್ನೇ ಊದಿಕೊಳ್ಳುತ್ತ ಕೋಣೆಗೆ ಹೋಗಿ ಅಡ್ಡಾದಳು, ಎದ್ದು ಬರುವಷ್ಟರಲ್ಲಿ ಹನ್ನೊಂದು ಮೇಕೆಗಳು ಸಸಿಮಡಿಗೆ ನುಗ್ಗಿ ಒಂದು ತಿಂಗಳ ಆರೈಕೆಯನ್ನು ಬುಡದವರೆಗೆ ಮೇಯ್ದಿದ್ದವು. ಅಪ್ಪಾ, ಚಿಲಕ ಹಾಕಿದ್ಯಾ — ಮನೆಯೊಡತಿ ಕೇಳಿದ್ದು ತನ್ನ ಅಪ್ಪನನ್ನು, ಇವಳನ್ನಲ್ಲ, ದೊಡ್ಡಿಗೆ ದಿನಕ್ಕೆ ಹತ್ತು ಸಲ ಹೋಗಿಬರುವವರು ಅವರೇ, ಈಚೆಗೆ ಮರೆವು ಬೇರೆ, ಕನ್ನಡಕ ಹಣೆಗೇರಿಸಿಕೊಂಡು ಮನೆಯೆಲ್ಲ ತಡಕುತ್ತಾರೆ. ಮುದುಕರು ತಮ್ಮ ಬಲಗೈಯನ್ನು ನೋಡಿಕೊಂಡರು, ಅದನ್ನೇ ವಿಚಾರಿಸುವವರ ಹಾಗೆ — ಹಾಕಿದೀನಿ ಅನ್ಸುತ್ತೆ, ಇಲ್ವೇನೋ, ಮರೆತಿರಬೇಕು ಮಗಾ. ಆಗ ಬಾಯಿ ಬಿಡಬೇಕಿತ್ತು, ನಾನು, ಅಷ್ಟು ಅಂದರೆ ಸಾಕಿತ್ತು, ಐವತ್ತೆರಡು ವರ್ಷದ ಹೆಂಗಸು ಕದ್ದು ಸಿಕ್ಕಿಬಿದ್ದ ಮಗುವಿನಂತೆ ನೆಲ ನೋಡುತ್ತ ನಿಂತಳು, ನಾಲ್ಕು ದಿನ ಕೇಳಿದ ಹೊಗಳಿಕೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ, ಇಷ್ಟೇ, ಬೇರೆ ಕಾರಣವೂ ಇಲ್ಲ, ಥೂ.

ಅವತ್ತು ಸಂಜೆಗೇ ತೀರ್ಮಾನವೂ ಆಯಿತು, ಇನ್ನು ದೊಡ್ಡಿ ಕಡೆ ಹೋಗೋದು ಬೇಡಪ್ಪಾ, ಅಕ್ಕ ನೋಡ್ಕೋತಾರೆ, ನಲವತ್ತು ವರ್ಷ ಒಂದೊಂದು ಮೇಕೆಯನ್ನೂ ಹೆಸರಿಟ್ಟು ಕರೆದವರು ತಲೆಯಾಡಿಸಿದರು, ಇವಳ ಕಡೆ ತಿರುಗಿ, ನನ್ನಿಂದ ನಿಮಗೆ ಕೆಲಸ ಹೆಚ್ಚಾಯ್ತು ತಾಯಿ, ಬೇಜಾರು ಮಾಡ್ಕೋಬೇಡಿ ಅಂದರು. ಬೇಜಾರು. ಅದಾಗಿ ಎರಡು ದಿನ, ಈಗ ತಟ್ಟೆ ತುಂಬ ಮತ್ತೊಂದು ಸೌಟು, ಎದುರಿಗೆ ಊಟಕ್ಕೆ ಕೂತ ಮುದುಕರು, ತಡೆಯಲಾಗಲಿಲ್ಲ, ಬಾಗಿಲು ಹಾಗೇ ಬಿಟ್ಟವಳು ನಾನು, ಅಂದೇಬಿಟ್ಟಳು, ಮೊನ್ನೆ, ನಾನೇ, ಇವರಲ್ಲ. ಮನೆಯೊಡತಿಯ ಕಣ್ಣು ತುಂಬಿತು — ಎಷ್ಟು ಒಳ್ಳೆಯವರಕ್ಕ ನೀವು, ಅಪ್ಪನ ಮನಸ್ಸು ನೋಯಬಾರದು ಅಂತ ಸುಳ್ಳು ಹೇಳ್ತೀರಲ್ಲ. ಸುಳ್ಳಲ್ಲ, ನೋಡು, ಈ ಗುಳ್ಳೆ ಒಡೆದಾಗಲೇ, ಎಂದು ಅಂಗೈ ಚಾಚಿದರೆ ಅವಳು ಎದ್ದು ಹೋಗಿ ಮುಲಾಮು ತಂದಳು, ಇಷ್ಟು ನೋವಿಟ್ಕೊಂಡು ಹೇಳಲೇ ಇಲ್ಲ ನೋಡಿ ಎಂದು ಊದಿ ಊದಿ ಹಚ್ಚಿದಳು, ಮುದುಕರು ನಕ್ಕರು, ಹೋಗ್ಲಿ ಬಿಡಿ ತಾಯಿ, ವಯಸ್ಸಾಯ್ತು, ಏನ್ಮಾಡೋಕಾಗುತ್ತೆ. ಇನ್ನೇನು ಹೇಳುವುದು, ಆಣೆ ಇಡಬೇಕೆ, ಕಿರುಚಬೇಕೆ, ಕಿರುಚಿದರೆ ಅದೂ ಒಳ್ಳೆಯತನವೇ ಆಗಿಬಿಡುತ್ತದೆ, ಮುಲಾಮು ತಣ್ಣಗೆ ಹತ್ತುತ್ತಿದೆ, ಮುದುಕರು ಕೈ ತೊಳೆದು ಹೊರಗೆ ಹೋದರು, ಕಿಟಕಿಯಲ್ಲಿ ಕಾಣುತ್ತಾರೆ, ತಮ್ಮ ಕೋಣೆಯ ಬಾಗಿಲು ಎಳೆದುಕೊಂಡರು, ಚಿಲಕ ಹಾಕಿದರು, ಮೂರು ಹೆಜ್ಜೆ ನಡೆದರು, ನಿಂತರು, ಹಿಂದಿರುಗಿ ಚಿಲಕ ಮುಟ್ಟಿ ನೋಡಿದರು, ಮೂರು ಹೆಜ್ಜೆ, ಮತ್ತೆ ತಿರುಗಿದರು, ಮುಟ್ಟಿದರು, ಮುಟ್ಟಿದ ಕೈಯನ್ನೇ ನೋಡಿಕೊಂಡರು, ಮೂರು ಹೆಜ್ಜೆ —