ಎಂಟೂ ಇಪ್ಪತ್ತರ ಪದಬಂಧ

ಟಕ್ ಎಂದು ಪೆನ್ನಿನ ಟೋಪಿ ಮುಚ್ಚಿದ ಸದ್ದು ಹಿಂದಿನ ಸೀಟಿನಿಂದ ಕೇಳಿಸಿತು. ಪ್ರಜ್ಞಾ ತಿರುಗಿ ನೋಡಲಿಲ್ಲ. ಜಯತೀರ್ಥ ಸರ್ ಪದಬಂಧ ಮುಗಿಸಿದರೆಂದು ಇಡೀ ಬಸ್ಸಿಗೆ ಗೊತ್ತಾಗುವುದು ಆ ಸದ್ದಿನಿಂದಲೇ.

“ಆರ ನಿಮಿಷ ನೋಡ್ರಿ!” ಎಂದ ಸಂಗು ಮಾಸ್ತರ. “ತಲಿ ಅಂದ್ರ ಸರ್‌ದು ತಲಿ.”

ಇಂಡಿಯಿಂದ ಝಳಕಿ ಕಡೆ ಹೋಗುವ ಎಂಟೂ ಇಪ್ಪತ್ತರ ಬಸ್ಸಿನಲ್ಲಿ ಹದಿನಾಲ್ಕು ಜನ ಶಿಕ್ಷಕರು ಸೇರಿ ಒಂದು ಪತ್ರಿಕೆ ತರಿಸುತ್ತಿದ್ದರು. ಅದು ಮೊದಲು ಹಿರಿಯರಾದ ಜಯತೀರ್ಥ ಸರ್ ಕೈಗೆ, ಆಮೇಲೆ ಹಿಂದಿನ ಗಂಡಸರಿಗೆ, ಕೊನೆಗೆ ಮುಂದಿನ ಹೆಂಗಸರ ಸೀಟಿಗೆ. ಪ್ರಜ್ಞಾ ಈ ಬಸ್ಸಿಗೆ ಬರತೊಡಗಿ ಏಳು ತಿಂಗಳಾಗಿತ್ತು. ಕಾಲೇಜಿನ ದಿನಗಳಲ್ಲಿ ಹಾಸ್ಟೆಲಿನ ಪತ್ರಿಕೆಯ ಪದಬಂಧ ಬಿಡಿಸದೆ ಅವಳು ತಿಂಡಿಗೆ ಕೂತವಳಲ್ಲ. ಇಲ್ಲಿ ಒಂದು ಖಾಲಿ ಮನೆಯೂ ಅವಳ ಪಾಲಿಗೆ ಉಳಿಯುತ್ತಿರಲಿಲ್ಲ. ನೀಲಿ ಶಾಯಿ ತುಂಬಿದ ಆ ಚೌಕ ಕಂಡರೆ ಹೊಟ್ಟೆ ಉರಿಯುತ್ತದೆಂದು ಆ ಪುಟವನ್ನು ನೋಡದೆಯೇ ಮಗುಚುತ್ತಿದ್ದಳು. ಬೇರೆ ಪತ್ರಿಕೆ ಕೊಳ್ಳಬಹುದಿತ್ತು. ಎಲ್ಲರಷ್ಟೇ ವಂತಿಗೆ ಕೊಡುವವಳು ಬೇರೆ ಏಕೆ ಕೊಳ್ಳಬೇಕು?

ಈ ಬೆಳಿಗ್ಗೆ ಬಸ್ಸು ಹತ್ತುವಾಗ ಧೈರ್ಯ ಮಾಡಿ ಕೇಳಿದ್ದಳು. “ಸರ್, ವಾರದಾಗ ಒಂದಿನ ಪದಬಂಧ ನನಗ ಬಿಡ್ರಿ.”

“ಅದು ತಲಿಗೆ ಕೆಲಸ ಕೊಡೂದು, ಪ್ರಜ್ಞಾ ಟೀಚರ್,” ಎಂದು ಅವರು ಕನ್ನಡಕದ ಮೇಲಿಂದ ನೋಡಿದ್ದರು. “ನಿಮಗ ಪುರವಣಿಯೊಳಗ ಅಡಗಿ ಮಾಡೂ ವಿಷಯ ಬಂದದ, ಓದ್ರಿ.”

ಬಸ್ಸೆಲ್ಲ ನಕ್ಕಿತ್ತು. ಪಕ್ಕದ ಮುಬಿನ ಟೀಚರ್ ಕೂಡ ದುಪಟ್ಟಾದ ಮರೆಯಲ್ಲಿ ನಕ್ಕಿದ್ದಳು.

ಪತ್ರಿಕೆ ಕೈಗೆ ಬಂದಾಗ, ಒಂದಾದರೂ ತಪ್ಪು ಹುಡುಕಲೇಬೇಕೆಂಬ ಸಿಟ್ಟಿನಲ್ಲಿ ಪ್ರಜ್ಞಾ ಆ ಪುಟ ತೆರೆದಳು.

ಮೊದಲೆರಡು ಸಾಲು ಸರಿಯಾಗಿದ್ದವು. ಮುಂದಿನ ಸುಳಿವು ‘ಕಪ್ಪೆ, ಮೂರಕ್ಷರ’. ಮನೆಗಳಲ್ಲಿ ಗ, ಲ, ಮ ಎಂದಿತ್ತು. ‘ಬಲರಾಮ, ನಾಲ್ಕಕ್ಷರ’ ಎಂಬಲ್ಲಿ ಬ, ಟ, ರ, ಕ. ಕೆಳಗಿಳಿದಂತೆ ಯಾವುದೂ ಪದವೇ ಆಗಿರಲಿಲ್ಲ. ಬರೀ ಅಕ್ಷರಗಳು, ದುಂಡಗೆ, ಒಂದೂ ಮನೆ ಖಾಲಿ ಬಿಡದಂತೆ. ತುಂಬಿದ ಮನೆಗಳನ್ನು ಈ ಬಸ್ಸಿನಲ್ಲಿ ಯಾರೂ ಓದಿರಲಿಲ್ಲ. ಅವಳೂ ಓದಿರಲಿಲ್ಲ. ಏಳು ತಿಂಗಳು!

ಕಂಬಿ ಹಿಡಿಯುತ್ತ ಹಿಂದಕ್ಕೆ ನಡೆದಳು.

“ಯಾಕ್ರಿ ಟೀಚರ್, ಅಡಗಿ ತಿಳೀಲಿಲ್ಲೇನು?” ಎಂದ ಸಂಗು.

ಅವಳು ಪುಟವನ್ನು ಜಯತೀರ್ಥ ಸರ್ ತೊಡೆಯ ಮೇಲಿಟ್ಟು ಕಪ್ಪೆಯ ಮನೆಗಳ ಮೇಲೆ ಬೆರಳಿಟ್ಟಳು. “ಇದು ಏನೈತ್ರಿ ಸರ್?” ದನಿ ಅವರಿಗಷ್ಟೇ ಕೇಳುವಂತಿತ್ತು.

ಅವರ ಕಿವಿ ಕೆಂಪಾಯಿತು. ಅಂಗೈ ತಾನಾಗಿ ಆ ಚೌಕವನ್ನು ಮುಚ್ಚಿತು. “ಬಸ್ಸು ಅಲಗಾಡ್ತದ, ಹೋಗಿ ಕೂಡ್ರಿ,” ಎಂದರು ಮೆಲ್ಲಗೆ. ಆಮೇಲೆ ಎಲ್ಲರಿಗೂ ಕೇಳುವಂತೆ, “ನಾಳಿಂದ ಪೇಪರ್ ಮೊದಲ ಪ್ರಜ್ಞಾ ಟೀಚರಿಗೆ ಕೊಡ್ರೆಪಾ. ಕಲೀಲಿ. ತಿಳೀಲಿಲ್ಲಂದ್ರ ನಾ ಹೇಳಿಕೊಡ್ತೀನಿ.”

“ಸರ್ ಮನಸ್ಸು ದೊಡ್ಡದ ಬಿಡ್ರಿ!” ಎಂದ ಸಂಗು.

ಪ್ರಜ್ಞಾ ಅವರ ಅಂಗೈ ಕೆಳಗಿನಿಂದ ಪುಟವನ್ನು ಎಳೆದುಕೊಂಡು, ಮಡಚಿ, ತನ್ನ ಜಾಗಕ್ಕೆ ಬಂದಳು.

ಮರುದಿನ ಪತ್ರಿಕೆ ಮೊದಲು ಅವಳ ಕೈಗೇ ಬಂತು. ಖಾಲಿ ಚೌಕ. ‘ಕಮಲ, ಮೂರಕ್ಷರ.’ ತಾವರೆಯೋ, ಪಂಕಜವೋ ಎಂದು ಪೆನ್ಸಿಲ್ ತಡೆದು ನಿಂತಿತು. ಕೊನೆಗೆ ನಳಿನ ಎಂದು ಬರೆದಳು. ಅದರ ಕೊನೆಯ ಮನೆಯಿಂದ ನವಿಲು ಸರಸರನೆ ಕೆಳಗಿಳಿಯಿತು. ಅವಳಿಗೆ ತಿಳಿಯದೆಯೇ ತುಟಿ ಅರಳಿತು.

“ಸರ್ ಕೃಪಾ ಮಾಡ್ಯಾರ, ಚಂದಂಗ ಕಲೀರಿ ಮತ್ತ!” ಹಿಂದಿನಿಂದ ಸಂಗು ಕೂಗಿದ.

ಪೆನ್ಸಿಲ್ಲಿನ ಮೊನೆ ಕಾಗದವನ್ನು ತೂರಿತು.

ಮುಬಿನ ಹತ್ತಿರ ಸರಿದಳು. “ನಿನ್ನಿ ಸರ್‌ಗೆ ಏನ ತೋರಿಸಿದ್ರಿ? ಮಾರಿ ಸಣ್ಣದಾಗಿತ್ತಲ್ಲ ಅವರ್ದು.”

ಪ್ರಜ್ಞಾ ತಿರುಗಿ ನೋಡಿದಳು. ಸರ್ ಪೆನ್ನು ಅವರ ಜೇಬಿನಲ್ಲಿಯೇ ಇತ್ತು. ಜಯತೀರ್ಥ ಸರ್ ಕಿಟಕಿಯಾಚೆಗಲ್ಲ, ಮುಬಿನಳ ಬಾಯಿಯತ್ತ ಅಳುಕಿನಿಂದ ನೋಡುತ್ತಿದ್ದರು.

ಯಾರಿಗೂ ಹೇಳುವುದಿಲ್ಲ ಎಂದು ಅವಳು ಆಗಲೇ ನಿರ್ಧರಿಸಿದಳು.

“ಏನಿಲ್ರಿ,” ಎಂದಳು.

ನಿನ್ನೆಯ ಪುಟ ಅವಳ ಬುತ್ತಿ ಚೀಲದ ತಳದಲ್ಲಿ, ಡಬ್ಬಿಯ ಕೆಳಗೆ, ಎಣ್ಣೆ ಹೀರುತ್ತ ಮಲಗಿತ್ತು.