ಕೋಣನ ತಲೆಬುರುಡೆಯದ್ದು ಬೇಡ

ಧನು ತಿಂಗಳ ಮಂಜು ಗದ್ದೆಯಿಂದ ಇನ್ನೂ ಏಳದ, ಬೆಳಗ್ಗೆ ಎಂಟರ ಹೊತ್ತು. ಜಲಜಾಕ್ಷಿ ಚಾವಡಿಯಿಂದ ಸರಸರನೆ ಇಳಿದು ಬಂದವಳೇ ಸ್ಪೀಕರ್ ಬಾಕ್ಸಿನ ವಯರನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಳು.

“ಅಕ್ಕಾ! ಎಂತ ಮಾಡ್ತೀರಿ ನೀವು?” ಬಾಕ್ಸಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಫಸಲ್ ಎದ್ದ.

“ಅದು ಬೇಡ ಅಂತ ಎಷ್ಟು ಸಲ ಹೇಳುದು ನಿನಗೆ?”

“ಅವನೇ ಹೇಳಿದ್ದಲ್ವಾ ಅಕ್ಕ. ನಾವೆಲ್ಲ ಮಾತು ಕೊಟ್ಟಿದ್ದೇವೆ.”

“ಪದ್ಯವೇ ಬೇಡ ಅಂತ ನಾನು ಹೇಳಿದೆನಾ? ಹಾಕು. ಆ ಕೋಣನ ತಲೆಬುರುಡೆಯದ್ದು ಬೇಡ. ದೋಣಿಯದ್ದು ಹಾಕು.”

“ದೋಣಿಯದ್ದು ಅಂದ್ರೆ ಯಾವುದು?”

“ದೋಣಿಯದ್ದು ಅಂದ್ರೆ ದೋಣಿಯದ್ದು! ಸಿಡಿಯ ಮೇಲೆ ದೋಣಿಯ ಚಿತ್ರ ಉಂಟು.”

ಫಸಲ್ ಹಣೆಗೆ ಕೈ ಹಚ್ಚಿಕೊಂಡ. ಚಾವಡಿಯಲ್ಲಿ ಜಲಜಾಕ್ಷಿಯ ತಮ್ಮ ಸುಕುಮಾರ ಬಾಳೆಲೆಯ ಮೇಲೆ ತೆಂಕಕ್ಕೆ ತಲೆ ಹಾಕಿ ಮಲಗಿದ್ದ. ತಲೆಯ ಬಳಿ ಒಡೆದ ತೆಂಗಿನಕಾಯಿಯ ಗಡಿಯಲ್ಲಿ ದೀಪ ಉರಿಯುತ್ತಿತ್ತು. ಹಿಂದಿನ ದಿನ ಸಂಜೆ ಮಂಜೇಶ್ವರದ ಕಡೆಯ ಒಂದು ಮದುವೆಯಲ್ಲಿ ಬಾಕ್ಸುಗಳನ್ನು ಜೀಪಿಗೆ ಏರಿಸಿ, ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ನಲ್ವತ್ತಾರು ವರ್ಷ. ಹೆಂಡತಿ ಮಕ್ಕಳಿಲ್ಲ. ಗಂಡ ತೀರಿದ ಮೇಲೆ ತವರಿಗೆ ಬಂದ ಅಕ್ಕನೂ ಅವನೂ ಇಬ್ಬರೇ ಆ ಮನೆಯಲ್ಲಿದ್ದದ್ದು.

ಪುತ್ತಿಗೆಯಲ್ಲಿ ರಸ್ತೆಗೆ ತಾಗಿ ಅವನ ಮೈಕ್‌ಸೆಟ್ಟಿನ ಅಂಗಡಿ. ಮದುವೆ, ಉರೂಸು, ಕೋಲ, ಚುನಾವಣೆ, ಊರಿನಲ್ಲಿ ಯಾವುದಿದ್ದರೂ ಅವನದೇ ಬಾಕ್ಸು. ಬೇರೆಯವರು ಕೇಳಿದ್ದನ್ನೆಲ್ಲ ಮುಖ ಗಂಟಿಕ್ಕದೆ ಹಾಕುತ್ತಿದ್ದ. ತನಗೆ ಬೇಕಾದದ್ದು ಒಂದೇ, ಮೆಟಲ್. ಗಿಟಾರು, ಡ್ರಮ್ಮುಗಳ ಅಬ್ಬರಕ್ಕೆ ತಲೆ ಕುಣಿಸುತ್ತ ಕೇಳುವ ಇಂಗ್ಲಿಷ್ ಪದ್ಯ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಫಸಲ್ ಶಾರ್ಜಕ್ಕೆ ಹೋದ ಮೇಲೆ ಅಲ್ಲಿಂದ ಸಿಡಿ ಕಳಿಸುವುದು, ಇವನು ಇಲ್ಲಿ ಕೇಳಿ ಫೋನಿನಲ್ಲಿ ತೀರ್ಪು ಹೇಳುವುದು. ಡಿಸೆಂಬರ್ ಮೂವತ್ತೊಂದಕ್ಕೆ ಅಂಗಡಿಯಲ್ಲಿ ದೊಡ್ಡ ತೀರ್ಪು. ಬಾಗಿಲು ಅರ್ಧ ಎಳೆದು, ಗೋಳಿಬಜೆ ತರಿಸಿ, ವರ್ಷದ ಒಳ್ಳೆಯ ಸಿಡಿ ಯಾವುದು, ವರ್ಷದ ಮೋಸ ಯಾವುದು ಎಂದು ಮೈಕಿನಲ್ಲೇ ಹೇಳುತ್ತಿದ್ದ. ಹೋದ ವರ್ಷ ಅದೇ ಮೈಕಿನಲ್ಲಿ, “ನಾನು ಸತ್ತರೆ ಆ ವರ್ಷದ ಒಳ್ಳೆಯದನ್ನು ಹಾಕಿ ಕಳಿಸಬೇಕು, ಕೇಳಿಸ್ತಾ?” ಎಂದಿದ್ದ. ಬಸ್ಸು ಕಾಯುತ್ತಿದ್ದವರಿಗೂ ಕೇಳಿಸಿತ್ತು.

ಈ ವರ್ಷದ ತೀರ್ಪಿಗೆ ಒಂದು ದಿನ ಬಾಕಿ ಇತ್ತು. ಅದಕ್ಕೆಂದೇ ಫಸಲ್ ರಜೆಯಲ್ಲಿ ಊರಿಗೆ ಬಂದಿದ್ದ.

“ಅವ ತೀರ್ಪು ಹೇಳದಿದ್ದರೂ ಊರಿಗೇ ಗೊತ್ತುಂಟಲ್ಲ ಅಕ್ಕ,” ಫಸಲ್ ಸಮಾಧಾನದ ದನಿ ತೆಗೆದ. “ಮಳೆಗಾಲ ಇಡೀ ಅದನ್ನೇ ಹಾಕಿದ್ದಾನಂತೆ. ಚೋಮಣ್ಣನನ್ನೇ ಕೇಳಿ.”

ಅಂಗಡಿಯಲ್ಲಿ ಸುಕುಮಾರನ ಜೊತೆ ಇಪ್ಪತ್ತು ವರ್ಷ ವಯರು ಎಳೆದಿದ್ದ ಚೋಮ ತಲೆಯಾಡಿಸಿದ. “ಹೌದು ಅಕ್ಕೆ. ಅದೇ. ಜೋರು ಅಂದ್ರೆ ಜೋರು.”

ಬೇಲಿಯಾಚೆಯ ಮನೆಯ ಪೊಕ್ಕರ್ ಬ್ಯಾರಿ ಬೆಂಚಿನಿಂದಲೇ ಸಾಕ್ಷಿ ಹೇಳಿದರು. “ನಮ್ಮ ಕೋಳಿಗಳಿಗೆ ಬಾಯಿಪಾಠ ಉಂಟು ಅದು.”

ಜಲಜಾಕ್ಷಿ ಬಾಯಿ ತೆರೆದಳು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಫಸಲನ ಕೆಂಪಗಾದ ಕಣ್ಣು ನೋಡಿ ಅದನ್ನು ನುಂಗಿದಳು. ವಯರನ್ನು ಅವನ ಕಾಲಬಳಿ ಎಸೆದು ಒಳಗೆ ಹೋದಳು.

*

ಆ ತಲೆಬುರುಡೆಯ ಸಿಡಿ ಬಂದದ್ದು ಕರ್ಕಾಟಕ ತಿಂಗಳ ಮಳೆಯಲ್ಲಿ. ಶಾರ್ಜದಿಂದ ಊರಿಗೆ ಬರುತ್ತಿದ್ದ ನವಾಝ ಎಂಬವನ ಕೈಯಲ್ಲಿ ಫಸಲ್ ಕೊಟ್ಟು ಕಳಿಸಿದ್ದ. ಶಾಲೆಯ ದಿನಗಳಲ್ಲಿ ಇಬ್ಬರೂ ಕ್ಯಾಸೆಟ್ಟು ಸವೆಯುವಷ್ಟು ಕೇಳಿದ್ದ ತಂಡ. ಎಷ್ಟೋ ವರ್ಷ ಸುಮ್ಮನಿದ್ದು ಈಗ ಹೊಸದು ತೆಗೆದಿದ್ದರು. ಸುಕುಮಾರ ಅಂದು ಬೇಗ ಅಂಗಡಿಯ ಬಾಗಿಲು ಹಾಕಿ ಬಂದು, ಮಿಂದು, ಒಗೆದ ಮುಂಡು ಉಟ್ಟು, ದೊಡ್ಡ ಬಾಕ್ಸುಗಳ ನಡುವೆ ಕುರ್ಚಿ ಎಳೆದು ಕೂತ. ಹೆಣ್ಣು ನೋಡಲು ಹೋದಾಗಲೂ ಅವನು ಹಾಗೆ ಕೂತವನಲ್ಲ ಎಂದು ಜಲಜಾಕ್ಷಿಗೆ ನಗು ಬಂದಿತ್ತು.

ಮೊದಲನೆಯ ಪದ್ಯ ಮುಗಿಯುವಾಗ ಅವನು ಎದ್ದು ವಯರು ಮುಟ್ಟಿ ನೋಡಿದ. ಎರಡನೆಯದರಲ್ಲಿ ಬಾಕ್ಸಿನ ಹಿಂದೆ ಬಗ್ಗಿದ. ಮರುದಿನ ಆಂಪ್ಲಿಫೈಯರ್ ಬದಲಿಸಿದ. ಆಚೆ ವಾರ ಬಾಕ್ಸುಗಳನ್ನು ಅಂಗಡಿಗೆ ಸಾಗಿಸಿ ಅಲ್ಲಿ ಹಾಕಿದ, ಮತ್ತೆ ಮನೆಗೆ ತಂದ. ದಿನದಿಂದ ದಿನಕ್ಕೆ ಶಬ್ದ ಏರಿತು. ಪೊಕ್ಕರ್ ಬ್ಯಾರಿಯ ಹೆಂಡತಿ ಬೀಬಿ ಬೇಲಿಯ ಹತ್ತಿರ ಬಂದು, “ಜಲಜಾ, ನಿನ್ನ ತಮ್ಮನಿಗೆ ಕಿವಿ ಕೇಳುದಿಲ್ವಾ?” ಎಂದು ಕೇಳುವವರೆಗೆ.

“ನಿನಗೆ ಅಷ್ಟು ಪ್ರೀತಿ ಇದ್ದರೆ ಕಿವಿಗೆ ಸಿಕ್ಕಿಸಿಕೊಂಡು ಕೇಳು ಮಾರಾಯ,” ಎಂದು ಒಂದು ದಿನ ಊಟಕ್ಕೆ ಬಡಿಸುವಾಗ ಅವಳು ರೇಗಿದಳು.

“ಪ್ರೀತಿಯಾ?” ಅವನು ಗಂಜಿಯ ಬಟ್ಟಲನ್ನು ದೂಡಿದ. “ಅಕ್ಕ, ಇವರು ಮೋಸ ಮಾಡಿದ್ರು. ಡ್ರಮ್ಮು ಬಡಿಯುವವ ನಿದ್ದೆಯಲ್ಲಿ ಬಡಿದ ಹಾಗೆ ಉಂಟು. ಜೋರಾಗಿ ಹಾಕಿದರೆ ಎಲ್ಲಾದರೂ ಹಳೆಯದು ಸಿಗ್ತದಾ ಅಂತ ನೋಡ್ತಾ ಇದ್ದೇನೆ. ಸಿಗುದಿಲ್ಲ.”

“ಹಾಗಾದ್ರೆ ಬಂದ್ ಮಾಡು!”

“ಇನ್ನೊಂದು ಸಲ ಕೇಳ್ತೇನೆ.”

ಅಷ್ಟರಲ್ಲಿ ಶಾರ್ಜದಿಂದ ಫೋನು. ಅವಳು ಉಪ್ಪಿನಕಾಯಿಯ ಭರಣಿ ಹಿಡಿದು ನಿಂತಲ್ಲೇ ನಿಂತಳು. “ಭಾರೀ ಲಾಯ್ಕ ಉಂಟು ಮಾರಾಯ!” ಎನ್ನುತ್ತಿದ್ದ ಸುಕುಮಾರ. “ಒಂದನೇ ನಂಬ್ರ! ದಿನಾ ಅದೇ ಹಾಕುದು.”

“ಎಂತ ಸುಳ್ಳು ಅದು?” ಫೋನು ಇಟ್ಟ ಮೇಲೆ ಅವಳು ಕೇಳಿದಳು.

“ವಾರಕ್ಕೆ ಒಂದು ರಜೆ ಅವನಿಗೆ. ಆ ಬಿಸಿಲಿಗೆ ಅಂಗಡಿ ಅಂಗಡಿ ಸುತ್ತಿ ಹುಡುಕಿದ್ದು. ಚೆಂದ ಇಲ್ಲ ಅಂತ ಫೋನಲ್ಲಿ ಹೇಗೆ ಹೇಳುದು? ಡಿಸೆಂಬರಿಗೆ ರಜೆಯಲ್ಲಿ ಬರ್ತಾನಲ್ಲ, ಮೂವತ್ತೊಂದರ ತೀರ್ಪಿಗೆ ಎದುರು ಕೂತು ನಾನೇ ಹೇಳ್ತೇನೆ. ನೀನು ಬಾಯಿ ಬಿಡ್ಬೇಡ ಅಕ್ಕ.”

ಅವಳು ಬಿಟ್ಟಿರಲಿಲ್ಲ.

*

ಹತ್ತು ಗಂಟೆಗೆ ಹೆಣ ಮೀಯಿಸಿ ಆಯಿತು. ಗುಡ್ಡೆಯ ಗೇರುಮರಗಳ ಅಡಿಯಲ್ಲಿ ಮಾವಿನ ಕಟ್ಟಿಗೆ ಪೇರಿಸುತ್ತಿದ್ದವರು ಇನ್ನು ತರಬಹುದು ಎಂದು ಹೇಳಿ ಕಳಿಸಿದರು. ಅಂಗಳದಲ್ಲಿ ಬಾಕ್ಸು ‘ಢಬ್’ ಎಂದು ಒಮ್ಮೆ ಕೆಮ್ಮಿತು. ಫಸಲ್ ಅದನ್ನೇ ಹಾಕಿ ಪರೀಕ್ಷೆ ನೋಡುತ್ತಿದ್ದ. ಜಲಜಾಕ್ಷಿಗೆ ಮೈ ಉರಿಯಿತು.

ಸೋದರಮಾವ ಕಿಟ್ಟಣ್ಣ ವಾಚು ನೋಡುತ್ತ ಅತ್ತಿತ್ತ ನಡೆಯುತ್ತಿದ್ದರು. ಸತ್ತವನು ಬಾಯಿಬಿಟ್ಟು ಕೇಳಿದ್ದು ಎಂಬ ಒಂದೇ ಕಾರಣಕ್ಕೆ ಒಂದು ಪದ್ಯಕ್ಕೆ ಒಪ್ಪಿಗೆ ಕೊಟ್ಟು, ಕೊಟ್ಟ ಗಳಿಗೆಯಿಂದ ಪಶ್ಚಾತ್ತಾಪ ಪಡುತ್ತಿದ್ದರು.

“ಮಾವ, ನೀವಾದರೂ ಅವನಿಗೆ ಹೇಳಿ. ಅದು ಸುಕುಮಾರನಿಗೆ ಆಗದ ಪದ್ಯ.”

“ಜಲಜ, ನನಗೆ ಅದೆಲ್ಲ ಪಾತ್ರೆ ತೊಳೆದ ಶಬ್ದವೇ. ಯಾವ ಪಾತ್ರೆ ಅಂತ ನಾನು ಹೇಗೆ ಹೇಳುದು?”

ಕಿರಿಯ ತಮ್ಮ ಲೋಕನಾಥ ಒದ್ದೆ ಮುಂಡಿನಲ್ಲಿ ಬೆಂಕಿಯ ಮಡಕೆಯ ಹತ್ತಿರ ನಿಂತಿದ್ದ. ವಿದ್ಯಾನಗರದಲ್ಲಿ ಕಲೆಕ್ಟರರ ಕಚೇರಿಯ ಗುಮಾಸ್ತ. ಅಲ್ಲಿಯವರು ನಾಲ್ಕು ಜನ ಬಂದು ಅಂಗಳದಲ್ಲಿ ನಿಂತಿದ್ದರು. ಅವನ ಕಣ್ಣೆಲ್ಲ ಅವರ ಮೇಲೆಯೇ.

“ಅಕ್ಕ, ಭಜನೆ ಹಾಕಿ ಮುಗಿಸುವಾ ಅಂತ ನಾನು ಹೇಳಿದೆ. ನೀವು ಕೇಳಲಿಲ್ಲ. ಈಗ ಯಾವುದಾದ್ರೂ ಒಂದು ಹಾಕಲಿ, ಬಿಡು. ಎರಡರಲ್ಲೂ ಕಿರುಚುದೇ ಅಲ್ವಾ?”

“ನಿನ್ನ ತಲೆ!” ಎಂದಳು ಜಲಜಾಕ್ಷಿ. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು.

*

ಎರಡರಲ್ಲೂ ಕಿರುಚುವುದೇ ಹೌದು. ದೋಣಿಯದ್ದು ಅವಳಿಗೆ ಅರ್ಥವಾಗಿತ್ತು ಎಂದೇನಲ್ಲ. ತುಲಾ ತಿಂಗಳ ಗುಡುಗು ಶುರುವಾದ ಮೇಲೆ ಸುಕುಮಾರ ಅದನ್ನು ಅಡಿಗೆಮನೆಗೆ ತಂದಿದ್ದ. ಹಲಸಿನ ಹಪ್ಪಳದ ಡಬ್ಬಿಯ ಪಕ್ಕದಲ್ಲಿ ಸಣ್ಣ ಪ್ಲೇಯರು ಇಟ್ಟು, ಒಗ್ಗರಣೆ ಸಿಡಿದರೂ ಮುಚ್ಚಿಹೋಗುವಷ್ಟು ಮೆಲ್ಲಗೆ ಹಾಕಿ, ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದ. ಎದುರಿಗಿಟ್ಟ ಚಹಾ ಆರಿ ಕೆನೆಗಟ್ಟಿದರೂ ಮುಟ್ಟುತ್ತಿರಲಿಲ್ಲ. ಅವಳು ಬಿಸಿ ಮಾಡಿ ಕೊಟ್ಟರೆ ಅದೂ ಆರುತ್ತಿತ್ತು.

“ಇಷ್ಟು ಮೆಲ್ಲಗೆ ಯಾಕೆ?” ಎಂದು ಅವಳೇ ಕೇಳಿದ್ದಳು ಒಮ್ಮೆ.

“ಇದಕ್ಕೆ ಜೋರು ಮಾಡ್ಲಿಕ್ಕಿಲ್ಲ. ಇದು ಇಲ್ಲಿಯೇ ಉಂಟು,” ಎಂದು ಎದೆಯ ಎಲುಬಿನ ಮೇಲೆ ಬೆರಳಿಟ್ಟಿದ್ದ. ಆಮೇಲೆ ತನಗೇ ನಾಚಿಕೆಯಾದವನಂತೆ, “ಇದನ್ನು ಹಾಡಿದವರು ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳು ಅಕ್ಕ. ಹೆಸರೇ ಇಲ್ಲ. ಎಷ್ಟು ಲಾಯ್ಕ ಮಾಡಿದ್ದಾರೆ ನೋಡು,” ಎಂದಿದ್ದ. ಅವಳಿಗೆ ಬೆಂಡೆಕಾಯಿ ಹೆಚ್ಚುವುದಿತ್ತು. ಹೂಂ ಎಂದಿದ್ದಳು.

*

ಹೆಣವನ್ನು ಚಟ್ಟಕ್ಕೆ ಇಳಿಸಿ ಬಿಳಿ ಬಟ್ಟೆ ಹೊದಿಸುತ್ತಿದ್ದರು. ಇನ್ನು ತಡೆದರೆ ಆಗದು. ಜಲಜಾಕ್ಷಿ ಫಸಲನ ತೋಳು ಹಿಡಿದು ಬಾವಿಕಟ್ಟೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

“ನೋಡು ಫಸಲ್. ಇದು ನಿನಗೆ ಅವನೇ ಹೇಳ್ಲಿಕ್ಕಿತ್ತು. ಈಗ ನನ್ನ ಬಾಯಿಂದ ಬರುವ ಹಾಗೆ ಆಯ್ತು. ನೀನು ಕಳಿಸಿದ ಆ ತಲೆಬುರುಡೆ ಅವನಿಗೆ ಆಗಲಿಲ್ಲ. ಈ ವರ್ಷದ ಮೋಸ ಅದು.”

ಫಸಲ್ ಅವಳ ಮುಖವನ್ನೇ ನೋಡಿದ. “ಇಲ್ಲ ಅಕ್ಕ. ಒಂದನೇ ನಂಬ್ರ ಅಂತ ಫೋನಲ್ಲಿ…”

“ನಿನಗೆ ಬೇಜಾರಾಗ್ತದೆ ಅಂತ. ವಯರು ಸರಿ ಇಲ್ಲ, ಬಾಕ್ಸು ಸರಿ ಇಲ್ಲ ಅಂತ ಎರಡು ತಿಂಗಳು ಅದಕ್ಕೇ ಹೊಡೆದಾಡಿದ. ಜೋರು ಮಾಡಿದ್ದು ಅದಕ್ಕೆ. ಪ್ರೀತಿಗೆ ಅಲ್ಲ.”

ಫಸಲ್ ಬಾವಿಕಟ್ಟೆಗೆ ಕೈ ಊರಿದ. ಬಗ್ಗಿ ನೀರು ನೋಡಿದ. ಅವಳಿಗೆ ತಮ್ಮನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸತ್ತು ಮಲಗಿ ಈ ಕೆಲಸವನ್ನೂ ತನ್ನ ತಲೆಗೆ ಕಟ್ಟಿದನಲ್ಲ!

“ಯಾ ಅಲ್ಲಾ,” ಎಂದ ಫಸಲ್ ಕೊನೆಗೆ. “ನನಗೂ ಅದು ಆಗಿರಲಿಲ್ಲ ಅಕ್ಕ.”

“ಎಂತ?”

“ನಾನು ಅಲ್ಲಿ ಕೇಳಿದ್ದೆ. ಥೂ ಅಂತ ಆಯ್ತು. ಇವ ಫೋನಲ್ಲಿ ಅಷ್ಟು ಖುಷಿಯಲ್ಲಿ ಹೇಳುವಾಗ ನಾನೂ ಲಾಯ್ಕ ಉಂಟು ಅಂದೆ.”

ಜಲಜಾಕ್ಷಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಹಾಗಾದ್ರೆ ಮಳೆಗಾಲ ಇಡೀ ಈ ಊರಿನ ಕಿವಿ ಹರಿದದ್ದು, ನಿಮ್ಮಿಬ್ಬರಲ್ಲಿ ಒಬ್ಬನಿಗೂ ಬೇಡದ್ದನ್ನಾ?”

ಫಸಲನಿಗೆ ನಗು ಬಂತು. ಬಂದ ನಗು ಅರ್ಧದಲ್ಲಿ ಮುರಿದು, ಅವನು ತೋಳಿನಿಂದ ಮುಖ ಮುಚ್ಚಿಕೊಂಡ. ಅವಳು ಅವನನ್ನು ಅಲ್ಲೇ ಬಿಟ್ಟು ಅಡಿಗೆಮನೆಗೆ ಓಡಿ, ಪ್ಲೇಯರಿನೊಳಗಿಂದ ಸಿಡಿಯನ್ನೂ ಕಪಾಟಿನಿಂದ ಅದರ ಕವಚವನ್ನೂ ತಂದಳು.

“ಇದಾ?” ಫಸಲ್ ಕಣ್ಣು ಒರೆಸಿಕೊಂಡ. “ಇದು ಅಂಗಡಿಯವ ಅದರ ಜೊತೆಗೆ ಫ್ರೀ ಕೊಟ್ಟದ್ದು ಅಕ್ಕ! ನಾನು ಬಿಚ್ಚಿ ಸಹ ನೋಡಲಿಲ್ಲ.”

“ಈಗ ಕೇಳು.”

“ಎಂತ ಬಾವಿಕಟ್ಟೆಯಲ್ಲಿ ಮಾತುಕತೆ?” ಕಿಟ್ಟಣ್ಣ ಕೂಗಿದರು. “ಹೆಣ ಎತ್ತುದಾ ಬೇಡ್ವಾ?”

ಸಿಡಿಯನ್ನು ಚೋಮನ ಕೈಗೆ ಕೊಟ್ಟು ಫಸಲ್ ಚಟ್ಟದ ಹಿಂದಿನ ಎಡಗಡೆಗೆ ಹೆಗಲು ಕೊಟ್ಟ. ಉಳಿದ ಮೂವರು ಚಿಕ್ಕಮ್ಮನ ಮಕ್ಕಳು. ಲೋಕನಾಥ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಚೋಮ ಗುಂಡಿ ಒತ್ತಿದ.

ಏನೂ ಕೇಳಲಿಲ್ಲ. ಚಟ್ಟ ಅಂಗಳ ದಾಟಿತು. ಕಚೇರಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಚೋಮ ಗಾಬರಿಯಾಗಿ ವಯರಿಗೆ ಕೈ ಹಾಕಿದ.

“ಮುಟ್ಬೇಡ,” ಎಂದಳು ಜಲಜಾಕ್ಷಿ. “ಅದು ಹಾಗೆಯೇ. ಸ್ವಲ್ಪ ಕಾಯ್ಬೇಕು.”

ದೂರದಲ್ಲಿ ಯಾರೋ ನೀರು ಮೊಗೆಯುವಂತಹ ಸಣ್ಣ ಸದ್ದು ಹುಟ್ಟಿತು. ಒಂದೇ ತಂತಿ ಮಿಡಿಯಿತು. ಅಡಿಗೆಮನೆಯಲ್ಲಿ ಸೌಟಿನ ಸದ್ದಿನಷ್ಟೇ ಇದ್ದದ್ದು ಆ ದೊಡ್ಡ ಬಾಕ್ಸುಗಳಲ್ಲಿ ಅವಳ ಪಾದದಡಿಯ ನೆಲದಿಂದ ಏರಿ ಬರತೊಡಗಿತು. ಚಟ್ಟ ಗದ್ದೆಗಳ ನಡುವಿನ ಹುಣಿಗೆ ಇಳಿಯುವುದಕ್ಕೂ ಡ್ರಮ್ಮುಗಳು ಒಟ್ಟಿಗೆ ಕಟ್ಟೆಯೊಡೆದು ನುಗ್ಗುವುದಕ್ಕೂ ಸರಿಹೋಯಿತು.

ಹೆಣ್ಣುಮಕ್ಕಳು ಗುಡ್ಡೆಗೆ ಹೋಗುವ ಕ್ರಮವಿಲ್ಲ. ಜಲಜಾಕ್ಷಿ ಅಂಗಳದ ತುದಿಯಲ್ಲಿ ನಿಂತು ನೋಡಿದಳು. ಮೊದಲು ಫಸಲನ ಕಾಲು ಆ ಬಡಿತಕ್ಕೆ ಬಿತ್ತು. ಅವನ ಹೆಜ್ಜೆಗೆ ಪಕ್ಕದವನ ಹೆಜ್ಜೆ, ಹಿಂದಿನವರ ಹೆಜ್ಜೆಗೆ ಮುಂದಿನವರದು. ನಾಲ್ವರೂ ಹುಣಿಯ ಮೇಲೆ ದಡದಡನೆ ಹೋಗತೊಡಗಿದರು. ಹಿಂದಿನಿಂದ ಚಟ್ಟ ತಾಗುವ ಭಯಕ್ಕೆ ಲೋಕನಾಥ ಹೊಗೆಯಾಡುವ ಮಡಕೆ ಹಿಡಿದುಕೊಂಡು ಓಡಿದ.

“ಮೆಲ್ಲ! ಮೆಲ್ಲ ಮಾರಾಯ್ರೆ! ಎಂತ ಬಸ್ಸು ಹಿಡಿಯುದಾ?” ಮುಂಡು ಎತ್ತಿ ಕಟ್ಟಿಕೊಂಡು ಹಿಂದೆ ಓಡುತ್ತಿದ್ದ ಕಿಟ್ಟಣ್ಣನ ಕೂಗು ಯಾರಿಗೂ ಕೇಳಿಸುತ್ತಿರಲಿಲ್ಲ.

ಬಿಳಿ ಬಟ್ಟೆಯೊಳಗೆ ತಲೆಯೊಂದು ಮೇಲಕ್ಕೂ ಕೆಳಕ್ಕೂ, ಮೇಲಕ್ಕೂ ಕೆಳಕ್ಕೂ, ತಾಳ ತಪ್ಪದೆ ಆಡುತ್ತಿತ್ತು. ಹಾಗೆ ಆಡುತ್ತಲೇ ಗದ್ದೆ ದಾಟಿ, ಗೇರುಮರಗಳ ನಡುವೆ ಹೊಕ್ಕು, ಕಣ್ಣಿಗೆ ಕಾಣದಾಯಿತು. ಎರಡು ಸಾವಿರದ ಎಂಟನೆಯ ಇಸವಿ, ಡಿಸೆಂಬರ್ ಮೂವತ್ತು, ಮಂಗಳವಾರ, ಸುಕುಮಾರ ಹೊರಟದ್ದು ಹೀಗೆ.